ಓದುಗರ ಪ್ರಶ್ನೆ: 4 ತಿಂಗಳು ಕೂತು ಮಾಡಿದ 25 ನಿಮಿಷದ ಚಿತ್ರ

ಹೋದ ಸಂಚಿಕೆಯಲ್ಲಿ ದೀಪಾ ಧನರಾಜ್ ಅವರ ಬಗ್ಗೆ ಒಂದು ಪುಟ ಬರೆದಿದ್ದೆ. ಬೆಂಗಳೂರಿನಲ್ಲಿ ನೆಲೆಸಿ, 1980ರಿಂದ ಸಾಕ್ಷ್ಯಚಿತ್ರ ಮಾಡುತ್ತಾ ಬಂದಿರುವ ನಿರ್ದೇಶಕಿ ಅವರು. ಒಂದು ಪುಟದಲ್ಲಿ ಎಷ್ಟು ಹೇಳೋಕಾಗುತ್ತೆ? ಹೇಳದೆ ಬಿಟ್ಟದ್ದನ್ನೆಲ್ಲ ನೀವು ಪತ್ರದಲ್ಲಿ ಕೇಳಿದ್ದೀರಿ. ಕೆಲವು ಪತ್ರ ಅವರ ಚಿತ್ರಗಳ ಬಗ್ಗೆ, ಕೆಲವು ಈ ಕೆಲಸದ ಬಗ್ಗೆ. ಒಂದು ಪತ್ರದಲ್ಲಿ ಸಿಟ್ಟೂ ಇದೆ, ಅದನ್ನು ಕೊನೆಗೆ ಇಟ್ಟಿದ್ದೇನೆ, ಉತ್ತರ ಉದ್ದ ಆಗುತ್ತೆ ಅನ್ನುವ ಕಾರಣಕ್ಕೆ. ನಾನು ಬಹಳ ವರ್ಷ ಸಾಕ್ಷ್ಯಚಿತ್ರಗಳ ಎಡಿಟಿಂಗ್ ಮಾಡಿದವಳು, ಒಂದೆರಡು ಚಿತ್ರ ನಾನೇ ನಿರ್ದೇಶಿಸಿದ್ದೇನೆ, ಈಗ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಗೊತ್ತಿರುವಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮೂರ ಹೆಸರು ನೋಡಿ ನಿಮ್ಮ ಲೇಖನ ಓದಿದೆ. ನಮ್ಮ ಅಜ್ಜಿ ತಂಬಾಕಿನ ವಖಾರಿಯಲ್ಲಿ (ಗೋದಾಮಿನಲ್ಲಿ) ದುಡಿದವರು. ಅವರ ಕಾಲದ ಬಗ್ಗೆ ಒಂದು ಚಿತ್ರ ಇದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಏನಿದೆ? ಹೊರಗಿನವರು ನಮ್ಮೂರಿಗೆ ಯಾಕೆ ಬಂದರು?
— ಓದುಗ, ನಿಪ್ಪಾಣಿ

ಉತ್ತರ: ನಿಮ್ಮ ಪತ್ರ ಬಂದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಆ ಚಿತ್ರವನ್ನು ಮತ್ತೆ ಹಾಕಿ ನೋಡಿದೆ.

1980ರಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್ ಮತ್ತು ಕ್ಯಾಮರಾಮನ್ ನವ್ರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ’ ಅಂತ ಒಂದು ತಂಡ ಕಟ್ಟಿದರು. ಹೆಂಗಸರ ಬದುಕಿನ ಬಗ್ಗೆ, ಆ ಹೆಂಗಸರ ಜೊತೆಗೇ ಕೂತು ಚಿತ್ರ ಮಾಡಬೇಕು ಅನ್ನುವುದು ಅವರ ಆಸೆ. ಮೂರು ನಾಲ್ಕು ವರ್ಷದಲ್ಲಿ ನಾಲ್ಕು ಚಿತ್ರ ಆದವು. ಮೊದಲನೆಯದು ಪುಣೆಯ ಮನೆಗೆಲಸದವರದ್ದು, ‘ಮೋಲ್ಕರೀಣ್’, 1981. ಎರಡನೆಯದೇ ನಿಮ್ಮೂರಿನದು, 1982ರಲ್ಲಿ ಬಂದ ‘ತಂಬಾಕು ಚಾಕಿಲಾ ಊಬ ಆಲಿ’. ಊಬ ಅಂದರೆ ಕಾವು ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಳಗೆ ಮೆಲ್ಲಗೆ ಬಿಸಿಯೇರುತ್ತಿದೆ ಅನ್ನುವ ಮಾತು ಅದು, ತಂಬಾಕಿಗೂ ಹೌದು, ಅಲ್ಲಿ ದುಡಿಯುವ ಹೆಂಗಸರಿಗೂ ಹೌದು.

ಹೊರಗಿನವರು ಯಾಕೆ ಬಂದರು ಅಂತ ಕೇಳಿದ್ದೀರಿ. ನಿಮ್ಮೂರ ಹೆಂಗಸರು ಆಗಲೇ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿದ್ದರು, ಅದಕ್ಕೇ ಬಂದರು. ದಿನವಿಡೀ ಘಾಟಿನಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು ಜರಡಿ ಹಿಡಿಯುವ ಹೆಂಗಸರು ಒಟ್ಟಾಗಿ ಸಂಘ ಕಟ್ಟಿದ್ದರು. ಕೂಲಿಯ ಬಗ್ಗೆ, ಕೆಲಸದ ಹೊತ್ತಿನ ಬಗ್ಗೆ, ಮೇಲಿನವರು ಮೈಮೇಲೆ ಬೀಳುವ ಕಾಟದ ಬಗ್ಗೆ ಬಾಯಿ ಬಿಟ್ಟು ಮಾತಾಡಲು ಶುರು ಮಾಡಿದ್ದರು. ಆ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ. 1981ರಲ್ಲಿ ನಿಪ್ಪಾಣಿಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ತಂಬಾಕು ಬೆಳೆಗಾರರ ಚಳವಳಿಯಿಂದ, ಅಲ್ಲಿ ನಡೆದ ಗೋಲಿಬಾರಿನಿಂದ. ರೈತರ ಆ ಹೋರಾಟದ ಸುದ್ದಿ ಎಲ್ಲರಿಗೂ ಗೊತ್ತಾಯಿತು. ಅದೇ ತಂಬಾಕನ್ನು ವಖಾರಿಯೊಳಗೆ ಹದ ಮಾಡುತ್ತಿದ್ದ ಹೆಂಗಸರ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಯುಗಾಂತರದವರು ಹುಡುಕಿಕೊಂಡು ಬಂದದ್ದು ಆ ಎರಡನೇ ಸುದ್ದಿಯನ್ನು.

ಅವರು ಸುಮಾರು 4 ತಿಂಗಳು ಆ ಹೆಂಗಸರ ಜೊತೆ ಕಳೆದರು. ಚಿತ್ರ ಇರುವುದು 25 ನಿಮಿಷ. ಈ ಎರಡು ಅಂಕಿ ನಾನು ಪ್ರತಿ ವರ್ಷ ತರಗತಿಯ ಮೊದಲ ದಿನವೇ ಹೇಳುತ್ತೇನೆ. ಆ 4 ತಿಂಗಳಲ್ಲಿ ಹೆಚ್ಚಿನ ಹೊತ್ತು ಕ್ಯಾಮರಾ ಓಡಿದ್ದಲ್ಲ, ಮಾತು ನಡೆದದ್ದು: ಏನಾಯಿತು, ಹೇಗಾಯಿತು, ಮೊದಲು ಯಾರು ಎದ್ದು ನಿಂತರು, ಹೆದರಿಕೆ ಆಗಲಿಲ್ವಾ. ಹಾಗೆ ಕೇಳಿಸಿಕೊಂಡ ಮಾತುಗಳಿಂದಲೇ ಏನು ತೋರಿಸಬೇಕು ಅನ್ನುವುದು ತೀರ್ಮಾನ ಆಯಿತು. ಚಿತ್ರದಲ್ಲಿ ನೀವು ಕೇಳುವುದು ಹೆಂಗಸರ ಸ್ವಂತ ದನಿ, ಅವರ ಮರಾಠಿ. ಪರಿಣತರು ಬಂದು ಕುರ್ಚಿಯಲ್ಲಿ ಕೂತು ಅವರ ಪರವಾಗಿ ವಿವರಿಸುವುದಿಲ್ಲ. ಬಾಗಿಲು ಮುಚ್ಚಿದ ಕಾರ್ಖಾನೆಯ ಒಳಗೆ ಕ್ಯಾಮರಾ ಹೋಗಿದೆ, ಆ ದೂಳು ಪರದೆಯ ಮೇಲೆ ಕಾಣುತ್ತದೆ, ನೋಡುವಾಗ ನಮಗೇ ಕೆಮ್ಮು ಬರುವ ಹಾಗೆ.

ಯುಗಾಂತರದ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಡಿಜಿಟಲ್ ಮಾಡಿ ಉಳಿಸಿದೆ. ಆದ್ದರಿಂದ ಈಗ ನೋಡಲು ಸಿಗುತ್ತವೆ. ನಿಮ್ಮ ಅಜ್ಜಿ ಇದ್ದರೆ ದಯವಿಟ್ಟು ಅವರಿಗೆ ತೋರಿಸಿ. ತೋರಿಸುವಾಗ ಪಕ್ಕದಲ್ಲಿ ಕೂತಿರಿ. ಯಾವುದೋ ಒಂದು ಮುಖ ನೋಡಿ ಅವರು ಹೆಸರು ಹೇಳಿದರೆ ಬರೆದುಕೊಳ್ಳಿ. 40 ವರ್ಷದ ಮೇಲೆ ಆ ಮುಖಗಳ ಹೆಸರು ಹೇಳಬಲ್ಲವರು ಇನ್ನು ಬಹಳ ಜನ ಉಳಿದಿರಲಾರರು.

ಪ್ರಶ್ನೆ: ಅಕ್ಕ, ನಾನು ಪದವಿ ಎರಡನೇ ವರ್ಷ. ನಮ್ಮೂರಲ್ಲಿ ಕೊಬ್ಬರಿ ಕೆಲಸ ಮಾಡುವವರ ಬಗ್ಗೆ ಚಿತ್ರ ಮಾಡಬೇಕು ಅಂತಿದ್ದೇನೆ. ನನ್ನ ಹತ್ತಿರ ಇರುವುದು ಫೋನ್ ಮಾತ್ರ. ಒಳ್ಳೆ ಕ್ಯಾಮರಾ ಸಿಗುವವರೆಗೂ ಕಾಯಬೇಕಾ?
— ವಿದ್ಯಾರ್ಥಿನಿ, ತಿಪಟೂರು

ಉತ್ತರ: ಕಾಯಬೇಡಮ್ಮ. ಆದರೆ ನಾಳೆಯೇ ಶೂಟಿಂಗ್ ಶುರು ಮಾಡಲೂ ಬೇಡ.

ನಿಪ್ಪಾಣಿ ಚಿತ್ರ ಮಾಡಿದ ಕಾಲಕ್ಕೆ 16 ಎಂಎಂ ಫಿಲ್ಮ್ ಬಳಸುತ್ತಿದ್ದರು. 400 ಅಡಿಯ ಒಂದು ರೀಲು ಹಾಕಿದರೆ 11 ನಿಮಿಷ ಓಡುತ್ತದೆ, ಅಷ್ಟೇ. ಮುಗಿದ ಮೇಲೆ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ಕಣ್ಣಿಗೆ ಕಾಣದೆ ಬೆರಳಿನ ಅಂದಾಜಿನಲ್ಲೇ ಹೊಸ ರೀಲು ಹಾಕಬೇಕು, ಒಂಚೂರು ಬೆಳಕು ಬಿದ್ದರೂ ತೆಗೆದದ್ದೆಲ್ಲ ಹಾಳು. ಧ್ವನಿಗೆ ಬೇರೆ ಯಂತ್ರ, ಅದಕ್ಕೆ ಬೇರೆ ಟೇಪು, ಎರಡನ್ನೂ ಆಮೇಲೆ ಎಡಿಟಿಂಗ್ ಟೇಬಲ್ ಮೇಲೆ ಕೂಡಿಸಬೇಕು. ತೆಗೆದದ್ದು ಸರಿ ಬಂದಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಲ್ಯಾಬಿನಿಂದ ಫಿಲ್ಮ್ ತೊಳೆದು ಬಂದ ಮೇಲೆ. ಒಂದೊಂದು ಅಡಿಗೂ ದುಡ್ಡು. ಹಾಗಾಗಿ ಬಟನ್ ಒತ್ತುವ ಮೊದಲು ಎದುರಿಗಿರುವವರು ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಅನ್ನುವುದು ಗೊತ್ತಿರಲೇಬೇಕಿತ್ತು. ನಿನ್ನ ಫೋನಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಬೇಕಾದರೂ ತೆಗೆಯಬಹುದು. ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ನಾಲ್ಕು ಗಂಟೆ ತೆಗೆದವರು ನಾಲ್ಕು ಗಂಟೆ ಕೂತು ನೋಡಬೇಕು, ಬರೆದುಕೊಳ್ಳಬೇಕು. ನನ್ನ ಹತ್ತಿರ ಹಾರ್ಡ್ ಡಿಸ್ಕ್ ತುಂಬಿಕೊಂಡು ಬರುವ ಎಷ್ಟೋ ಮಕ್ಕಳು ತಾವು ತೆಗೆದದ್ದನ್ನು ತಾವೇ ಪೂರ್ತಿ ನೋಡಿರುವುದಿಲ್ಲ.

ಮೊದಲ ವಾರ ಸುಮ್ನೆ ಹೋಗಿ ಕೂತುಕೊ. ಫೋನ್ ಚೀಲದಲ್ಲೇ ಇರಲಿ. ಕಾಯಿ ಒಡೆಯಲು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಕೂಲಿ ಕಾಯಿಯ ಲೆಕ್ಕವೋ ದಿನದ ಲೆಕ್ಕವೋ, ಊಟದ ಹೊತ್ತಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಇಷ್ಟು ತಿಳಿದುಕೊ. ನಿಮ್ಮ ಕಡೆ ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಒಣಗುತ್ತದೆ ಅಲ್ವಾ? ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೂ ಯಾರೂ ಅದನ್ನು ಕೆಳಗೆ ಇಳಿಸುವುದಿಲ್ಲ. ನಿನ್ನ ಚಿತ್ರದಲ್ಲಿ ಆ ಗಡಗಡ ಸದ್ದು ಇರಲೇಬೇಕು. ಅದಕ್ಕೇ ಹೇಳುತ್ತೇನೆ, ಕ್ಯಾಮರಾಕ್ಕಿಂತ ಮೊದಲು ಧ್ವನಿಗೆ ದುಡ್ಡು ಹಾಕು. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಒಂದು ಸಾಕು. ಅದೂ ಆಗದಿದ್ದರೆ ಗೆಳತಿಯ ಫೋನನ್ನು ಮಾತಾಡುವವರ ಹತ್ತಿರ ಇಟ್ಟು ಧ್ವನಿ ಬೇರೆಯಾಗಿ ರೆಕಾರ್ಡ್ ಮಾಡು, ಶುರುವಿಗೆ ಒಮ್ಮೆ ಚಪ್ಪಾಳೆ ತಟ್ಟು. ಎಡಿಟಿಂಗ್‌ನಲ್ಲಿ ಆ ಚಪ್ಪಾಳೆ ಹಿಡಿದೇ ಎರಡನ್ನೂ ಹೊಂದಿಸಬಹುದು. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಪ್ರಶ್ನೆ: ನನ್ನ ಮಗಳು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೂ ಸೇರಿ, ಈಗ ಅದನ್ನು ಬಿಟ್ಟು ಸಾಕ್ಷ್ಯಚಿತ್ರ ನಿರ್ದೇಶಕಿ ಆಗುತ್ತೇನೆ ಅನ್ನುತ್ತಿದ್ದಾಳೆ. ಬೈದು ನೋಡಿದೆ, ಮಾತು ಬಿಟ್ಟು ನೋಡಿದೆ. ಇದರಲ್ಲಿ ಹೊಟ್ಟೆ ತುಂಬುತ್ತದಾ? ನಿಜ ಹೇಳಿ.
— ಒಬ್ಬ ತಂದೆ, ದಾವಣಗೆರೆ

ಉತ್ತರ: ನಿಜವನ್ನೇ ಹೇಳುತ್ತೇನೆ ಸರ್. ತನ್ನದೇ ಚಿತ್ರಗಳಿಂದ ಮಾತ್ರ ಮನೆ ನಡೆಸುವ ಸಾಕ್ಷ್ಯಚಿತ್ರ ನಿರ್ದೇಶಕರು ನಮ್ಮಲ್ಲಿ ಬಹಳ ಕಡಿಮೆ. ಹೆಚ್ಚಿನವರು ಎರಡು ಬಗೆಯ ಕೆಲಸ ಇಟ್ಟುಕೊಂಡಿರುತ್ತಾರೆ. ಸಂಸ್ಥೆಗಳಿಗೆ, ಕಂಪನಿಗಳಿಗೆ, ಇಲಾಖೆಗಳಿಗೆ ಚಿತ್ರ ಮಾಡಿಕೊಡುವುದು, ಎಡಿಟಿಂಗ್ ಮಾಡುವುದು, ಕಾಲೇಜಿನಲ್ಲಿ ಪಾಠ ಹೇಳುವುದು ಒಂದು. ಆ ದುಡ್ಡಿನಿಂದ ಬಾಡಿಗೆ ಕಟ್ಟಿ, ಉಳಿದ ಹೊತ್ತಿನಲ್ಲಿ ತನ್ನ ಚಿತ್ರ ಮಾಡುವುದು ಇನ್ನೊಂದು. ನಾನೂ ಹಾಗೇ ಬದುಕಿದ್ದೇನೆ. ಕೆಲವು ವರ್ಷ ಚೆನ್ನಾಗಿತ್ತು, ಕೆಲವು ವರ್ಷ ಬಹಳ ಕಷ್ಟ ಇತ್ತು.

ಒಂದು ಕಾಲಕ್ಕೆ ಸಾಕ್ಷ್ಯಚಿತ್ರ ಅಂದರೆ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್. 1948ರಲ್ಲಿ ಶುರುವಾದದ್ದು. ನಿಮಗೂ ನೆನಪಿರಬೇಕು, ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಕಪ್ಪು ಬಿಳುಪಿನ ಸುದ್ದಿಚಿತ್ರ ಬರುತ್ತಿತ್ತಲ್ಲ, ಅದು ಅವರದ್ದು. 2022ರಲ್ಲಿ ಅದನ್ನು ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಜೊತೆ ಸೇರಿಸಿದರು. ದೂರದರ್ಶನದ ಜೊತೆ ಸೇರಿ 2000ದಿಂದ ಪಿಎಸ್‌ಬಿಟಿ ಅನ್ನುವ ಟ್ರಸ್ಟ್ ನೂರಾರು ಸ್ವತಂತ್ರ ನಿರ್ದೇಶಕರಿಗೆ ಹಣ ಕೊಟ್ಟು ಚಿತ್ರ ಮಾಡಿಸಿತು, ನನ್ನ ವಯಸ್ಸಿನ ಎಷ್ಟೋ ಜನರ ಮೊದಲ ಚಿತ್ರ ಅಲ್ಲಿಂದಲೇ ಬಂದದ್ದು. ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, ಅವರೂ ಅನುದಾನ ಕೊಡುತ್ತಾರೆ. ಇನ್ನು ಪಿಚಿಂಗ್ ಅಂತ ಒಂದಿದೆ: ಸ್ವಲ್ಪ ಶೂಟಿಂಗ್ ಮಾಡಿಕೊಂಡು ಹೋಗಿ, ದೇಶ ವಿದೇಶದ ಟಿವಿ ಚಾನೆಲ್ಲಿನವರ, ಫಂಡ್‌ಗಳವರ ಎದುರು ಕೆಲವೇ ನಿಮಿಷದಲ್ಲಿ ತನ್ನ ಚಿತ್ರದ ಬಗ್ಗೆ ಹೇಳಿ ಹಣ ಕೇಳುವುದು. ಕೋಲ್ಕತ್ತದಲ್ಲಿ ಡಾಕ್‌ಎಡ್ಜ್ ಇಂಥದ್ದನ್ನು ವರ್ಷಗಳಿಂದ ನಡೆಸುತ್ತಿದೆ. ಇವೆಲ್ಲ ಸಿಕ್ಕರೂ ಒಂದು ಚಿತ್ರ ಮುಗಿಯಲು ನಾಲ್ಕು ಐದು ವರ್ಷ ಹಿಡಿಯಬಹುದು. ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ 2011ರಲ್ಲಿ ಬಂತು, ಅದಕ್ಕೆ ಹಿಡಿದದ್ದು 14 ವರ್ಷ.

ಮಗಳು ಕಲಿಯಬೇಕು ಅಂದರೆ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ, ಅಹಮದಾಬಾದಿನ ಎನ್‌ಐಡಿ, ದೆಹಲಿಯ ಜಾಮಿಯಾ ಇವೆ. ಕ್ಯಾಮರಾ ಅಥವಾ ಧ್ವನಿಯ ಕೆಲಸವನ್ನು ಗಟ್ಟಿಯಾಗಿ ಕಲಿಯಲು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ. ನನ್ನ ಸಲಹೆ, ನಿರ್ದೇಶನದ ಜೊತೆಗೆ ಕೈಕೆಲಸ ಒಂದನ್ನು ಕಲಿಯಲಿ, ಎಡಿಟಿಂಗ್ ಇರಲಿ, ಧ್ವನಿ ಇರಲಿ. ಹೊಟ್ಟೆ ತುಂಬಿಸುವುದು ಅದು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಾತು ಬಿಡಬೇಡಿ ಸರ್. ನನ್ನ ಅಪ್ಪ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು, ಆ ಎರಡು ವರ್ಷದಲ್ಲಿ ನಾನು ಕಲಿತದ್ದನ್ನು ಅವರಿಗೆ ಹೇಳಲು ಆಗಲೇ ಇಲ್ಲ. ಮಗಳಿಗೆ ಒಂದು ಗಡುವು ಕೊಡಿ, ಮೂರು ವರ್ಷವೋ ನಾಲ್ಕು ವರ್ಷವೋ, ಲೆಕ್ಕ ಇಬ್ಬರೂ ಕೂತು ಹಾಕಿ. ಕೆಲಸ ಮಾಡಿ ಕೂಡಿಟ್ಟ ದುಡ್ಡು ಎಷ್ಟಿದೆ, ಎಷ್ಟು ತಿಂಗಳು ಬರುತ್ತದೆ ಅಂತ. ಇಂಜಿನಿಯರಿಂಗ್ ಓದಿದವಳು, ಲೆಕ್ಕಕ್ಕೆ ಹೆದರುವುದಿಲ್ಲ.

ಪ್ರಶ್ನೆ: ಸಾಕ್ಷ್ಯಚಿತ್ರ ಅಂದರೆ ನಡೆದದ್ದನ್ನು ನಡೆದ ಹಾಗೆ ತೋರಿಸಬೇಕು. ನಿಪ್ಪಾಣಿ ಚಿತ್ರದಲ್ಲಿ ಕೆಲವು ದೃಶ್ಯ ಮತ್ತೆ ಮಾಡಿ ತೋರಿಸಿದ್ದು ಅಂತ ಬರೆದಿದ್ದೀರಿ. ಅದು ಮೋಸ ಅಲ್ಲವೇ?
— ನಿವೃತ್ತ ಉಪನ್ಯಾಸಕ, ಧಾರವಾಡ

ಉತ್ತರ: ಈ ಪ್ರಶ್ನೆ ನನ್ನನ್ನೂ ಬಹಳ ಕಾಡಿದೆ. ಹೆಂಗಸರು ಮೊದಲ ಬಾರಿ ಗುಟ್ಟಾಗಿ ಸೇರಿ ಮಾತಾಡಿದ ದಿನ ಅಲ್ಲಿ ಕ್ಯಾಮರಾ ಇರಲಿಲ್ಲ. ಇದ್ದಿದ್ದರೆ ಅವರು ಸೇರುತ್ತಲೂ ಇರಲಿಲ್ಲ. ಆ ದಿನ ಹೇಗಿತ್ತು ಅಂತ ತೋರಿಸಲು ಇರುವ ದಾರಿ ಎರಡೇ: ಒಬ್ಬರು ಕೂತು ಹೇಳಬೇಕು, ಇಲ್ಲವೇ ಅದರಲ್ಲಿ ಇದ್ದವರೇ ಸೇರಿ ಮತ್ತೆ ಮಾಡಿ ತೋರಿಸಬೇಕು. ಇಲ್ಲಿ ಮಾಡಿ ತೋರಿಸಿದವರು ಬಾಡಿಗೆ ನಟಿಯರಲ್ಲ, ತಮ್ಮ ಅನುಭವವನ್ನು ತಾವೇ ನೆನಪು ಮಾಡಿಕೊಂಡು, ಹೀಗೆ ಅಲ್ಲ ಹಾಗೆ ಆಗಿತ್ತು ಅಂತ ತಾವೇ ತಿದ್ದಿಕೊಂಡು ಮಾಡಿದವರು. ಅದನ್ನು ಮೋಸ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಗಲಾಟೆ ನಡೆಯದ ಕಡೆ ನಡೆಯಿತು ಅಂತ ತೋರಿಸಿದರೆ, ಇಂದಿನ ದೃಶ್ಯವನ್ನು ಅಂದಿನದು ಅಂತ ಸೇರಿಸಿದರೆ, ಒಬ್ಬರ ಮಾತನ್ನು ಅರ್ಧಕ್ಕೆ ಕತ್ತರಿಸಿ ಉಲ್ಟಾ ಅರ್ಥ ಬರಿಸಿದರೆ ಅದು ಮೋಸ. ಆ ಕತ್ತರಿ ನನ್ನ ಕೈಯಲ್ಲೇ ಇರುತ್ತಿತ್ತು, ಅದು ಎಷ್ಟು ಸುಲಭ ಅಂತ ನನಗೆ ಗೊತ್ತು.

ಯುಗಾಂತರದವರು 1983ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆ ತೆಲುಗಿನಲ್ಲಿ ‘ಇದಿ ಕಥಾ ಮಾತ್ರಮೇನಾ’ ಮಾಡಿದರು. ಇದು ಬರೀ ಕಥೆಯಾ, ಅಂತ ಅರ್ಥ. ಮನೆಯೊಳಗಿನ ಹೊಡೆತದ ಬಗ್ಗೆ. ಗಂಡನಿಂದ ಪೆಟ್ಟು ತಿಂದ ಹೆಂಗಸನ್ನು ಕ್ಯಾಮರಾ ಮುಂದೆ ಕೂರಿಸಿ ಅಳಿಸುವ ಬದಲು ಕಥೆ ಮಾಡಿದರು. ನನ್ನ ಲೆಕ್ಕಕ್ಕೆ ಅದು ಹೆಚ್ಚು ಮರ್ಯಾದೆಯ ದಾರಿ.

ಪ್ರಶ್ನೆ: ನಾನು ಎ.ಎನ್.ಎಂ. (ಹಳ್ಳಿಯ ಸರ್ಕಾರಿ ನರ್ಸ್) ಆಗಿ 31 ವರ್ಷ ಕೆಲಸ ಮಾಡಿದವಳು. ಕುಟುಂಬ ಯೋಜನೆಯ ಬಗ್ಗೆ ದೀಪಾ ಅವರ ಚಿತ್ರ ಇದೆ ಎಂದು ಬರೆದಿದ್ದಿರಿ. ಆ ಕಾಲದಲ್ಲಿ ನಮಗೆ ಮಾರ್ಚ್ ತಿಂಗಳು ಬಂದರೆ ನಿದ್ದೆ ಇರಲಿಲ್ಲ. ಇಷ್ಟು ಆಪರೇಷನ್ ಕೇಸು ತರಲೇಬೇಕು ಅಂತ ಟಾರ್ಗೆಟ್. ನಮ್ಮಂಥವರನ್ನು ಆ ಚಿತ್ರದಲ್ಲಿ ಕೆಟ್ಟವರು ಅಂತ ತೋರಿಸಿದ್ದಾರಾ?
— ಓದುಗಿ, ಕೊಪ್ಪಳ ಜಿಲ್ಲೆ

ಉತ್ತರ: ಅಮ್ಮ, ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆ ಚಿತ್ರದ ಹೆಸರು ‘ಸಮ್‌ಥಿಂಗ್ ಲೈಕ್ ಎ ವಾರ್’, 1991ರದು. ಯುದ್ಧದಂಥದ್ದು, ಅಂತ. ಅದರಲ್ಲಿ ಕ್ಯಾಂಪು ಇದೆ. ಸಾಲಾಗಿ ಹೆಂಗಸರು, ಒಬ್ಬರ ಹಿಂದೆ ಒಬ್ಬರಿಗೆ ಲ್ಯಾಪ್ರೊಸ್ಕೋಪಿ (ಮಕ್ಕಳಾಗದ ಹಾಗೆ ಮಾಡುವ ಆಪರೇಷನ್), ಎಷ್ಟು ಬೇಗ ಮಾಡುತ್ತೇನೆ, ಇದುವರೆಗೆ ಎಷ್ಟು ಮಾಡಿದ್ದೇನೆ ಅಂತ ಹೆಮ್ಮೆಯಿಂದ ಹೇಳುವ ಡಾಕ್ಟರು. ಆ ದೃಶ್ಯಗಳನ್ನು ನೋಡುವುದು ಕಷ್ಟ. ಆದರೆ ಚಿತ್ರ ಅಲ್ಲೇ ನಿಲ್ಲುವುದಿಲ್ಲ. ಇನ್ನೊಂದು ಕಡೆ ಹಳ್ಳಿಯ ಹೆಂಗಸರು ಸುತ್ತ ಕೂತು, ಹೆಣ್ಣಿನ ಮೈಯ ಚಿತ್ರ ಬರೆದುಕೊಂಡು, ಮುಟ್ಟು, ಬಸಿರು, ಸುಖ, ನೋವು ಎಲ್ಲದರ ಬಗ್ಗೆ ನಗುತ್ತಾ ಮಾತಾಡುತ್ತಾರೆ. ಸರ್ಕಾರದ ಫೈಲಿನಲ್ಲಿ ಕೇಸು ಆದವರು ಇಲ್ಲಿ ಮನುಷ್ಯರಾಗಿ ಕಾಣುತ್ತಾರೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟದ್ದು ನಿರ್ದೇಶಕಿಯ ಕೆಲಸ. ಒಂದು ಬೈಗುಳದ ಮಾತೂ ಬೇಕಾಗಲಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಚಿತ್ರದ ಸಿಟ್ಟು ಇರುವುದು ಮೇಲಿನಿಂದ ಸಂಖ್ಯೆ ಕಟ್ಟಿ ಕಳಿಸುವ ಪದ್ಧತಿಯ ಮೇಲೆ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು, ಅದರಲ್ಲಿ ಹೆಚ್ಚಿನವರು ಗಂಡಸರು. ಜನ ರೊಚ್ಚಿಗೆದ್ದು ಸರ್ಕಾರ ಬಿತ್ತು. ಆಮೇಲೆ ಗಂಡಸರ ತಂಟೆಗೆ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ, ಭಾರವೆಲ್ಲ ಹೆಂಗಸರ ಮೈಮೇಲೆ ಬಿತ್ತು. ಆ ಹೆಂಗಸರನ್ನು ಕರೆತರುವ ಹೊರೆ ನಿಮ್ಮಂಥ ನರ್ಸಮ್ಮಂದಿರ ತಲೆಗೆ ಬಂತು. ಟಾರ್ಗೆಟ್ ಪದ್ಧತಿಯನ್ನು ಕೇಂದ್ರ ಸರ್ಕಾರ ಕೈಬಿಟ್ಟದ್ದು 1996ರಲ್ಲಿ. ಆದರೂ ಕ್ಯಾಂಪು ನಿಲ್ಲಲಿಲ್ಲ. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಕಡೆ ಕ್ಯಾಂಪಿಗೆ ಹೋದ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್, ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಿತು. ಅಷ್ಟು ಹೊತ್ತಿಗೆ ಆ ಚಿತ್ರ ಬಂದು 25 ವರ್ಷ ಆಗಿತ್ತು.

ನೀವು ಆ ಮಾರ್ಚ್ ತಿಂಗಳುಗಳ ಬಗ್ಗೆ ಬರೆದಿಡಿ. ಯಾವ ಊರಿಗೆ ಹೋದಿರಿ, ಯಾರ ಮನೆ ಬಾಗಿಲಲ್ಲಿ ನಿಂತಿರಿ, ಮೇಲಿನವರು ಏನು ಅಂದರು. ನರ್ಸಮ್ಮನ ಕಡೆಯಿಂದ ಆ ಕಥೆ ಹೇಳುವ ಚಿತ್ರ ನಾನು ಇನ್ನೂ ನೋಡಿಲ್ಲ. ಯಾರಾದರೂ ಹುಡುಗಿ ಅದನ್ನು ಮಾಡಲು ಮುಂದೆ ಬಂದರೆ, ನೀವು ಒಪ್ಪಿದರೆ, ನಿಮ್ಮ ಹತ್ತಿರ ಕಳಿಸುತ್ತೇನೆ.

ಪ್ರಶ್ನೆ: ಕನ್ನಡದಲ್ಲಿ ಸಾಕ್ಷ್ಯಚಿತ್ರಗಳೇ ಇಲ್ಲವಾ? ಎಲ್ಲ ಮರಾಠಿ, ತೆಲುಗು, ಹಿಂದಿ.
— ಓದುಗ, ಶಿವಮೊಗ್ಗ

ಉತ್ತರ: ಇವೆ, ನಾವು ನೋಡುವುದು ಕಡಿಮೆ. ಗಿರೀಶ ಕಾರ್ನಾಡರು 1972ರಲ್ಲೇ ಬೇಂದ್ರೆಯವರ ಬಗ್ಗೆ ಚಿತ್ರ ಮಾಡಿದರು. ಕೃಪಾಕರ ಮತ್ತು ಸೇನಾನಿ ವರ್ಷಗಟ್ಟಲೆ ಬಂಡೀಪುರದ ಕಡೆಯ ಕಾಡಿನಲ್ಲಿ ಸೀಳುನಾಯಿಗಳ ಹಿಂದೆ ಅಲೆದು ಚಿತ್ರ ಮಾಡಿದವರು. ಅದೇ ಕಾಡಿನಂಚಿನಿಂದ 1997ರಲ್ಲಿ ವೀರಪ್ಪನ್ ಅವರನ್ನು ಎತ್ತಿಕೊಂಡು ಹೋಗಿ 14 ದಿನ ಇಟ್ಟುಕೊಂಡಿದ್ದ, ಬಂದ ಮೇಲೂ ಅವರು ಕಾಡು ಬಿಡಲಿಲ್ಲ. 2020ರಲ್ಲಿ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ ‘ವೈಲ್ಡ್ ಕರ್ನಾಟಕ’ ಥಿಯೇಟರಿಗೇ ಬಂತು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ನಮ್ಮಲ್ಲಿ ಕಡಿಮೆ ಇರುವುದು ನಿಪ್ಪಾಣಿ ಚಿತ್ರದಂಥವು, ದುಡಿಯುವವರ ಮಾತನ್ನು ಕನ್ನಡದಲ್ಲೇ ಕೇಳಿಸುವಂಥವು. ಆ ಕೊರತೆ ನಿಜ.

ಪ್ರಶ್ನೆ: ಇಂಥ ಚಿತ್ರಗಳಿಗೂ ಸೆನ್ಸಾರ್ ಇದೆಯಾ?
— ಓದುಗಿ, ಮಂಗಳೂರು

ಉತ್ತರ: ಇದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಕಥಾಚಿತ್ರ, ಸಾಕ್ಷ್ಯಚಿತ್ರ ಅಂತ ಭೇದ ಮಾಡುವುದಿಲ್ಲ. 2004ರಲ್ಲಿ ಮುಂಬೈ ಚಿತ್ರೋತ್ಸವದ ಹೊತ್ತಿಗೆ ಇದೇ ವಿಷಯಕ್ಕೆ ದೊಡ್ಡ ಜಗಳ ಆಗಿ, ನಿರ್ದೇಶಕರೇ ಸೇರಿ ‘ವಿಕಲ್ಪ’ ಅಂತ ಬೇರೆ ಉತ್ಸವ ಮಾಡಿದರು. ಪಟವರ್ಧನ್ ಅವರಂತೂ ತಮ್ಮ ಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸಲು ಮತ್ತೆ ಮತ್ತೆ ಕೋರ್ಟಿಗೆ ಹೋದರು, 2006ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಚಿತ್ರ ಮಾಡಿದ ಮೇಲೆ ವಕೀಲರ ಮನೆಗೆ ಅಲೆಯುವುದೂ ಈ ಕೆಲಸದ ಒಂದು ಭಾಗ.

ಪ್ರಶ್ನೆ: ನೀವು ಸಾಕ್ಷ್ಯಚಿತ್ರದವರನ್ನು ಬಹಳ ಹೊಗಳಿದ್ದೀರಿ. ನಮ್ಮ ಹಾಡಿಗೆ (ಆದಿವಾಸಿಗಳ ಊರಿಗೆ) ಕ್ಯಾಮರಾ ಹಿಡಿದು ಎಷ್ಟೋ ಜನ ಬಂದರು. ಕುಣಿಸಿದರು, ಹಾಡಿಸಿದರು, ಕಾಡಿನಿಂದ ಹೊರಗೆ ಹಾಕಿದ ಕಥೆ ಹೇಳಿಸಿದರು, ನಮ್ಮ ತಾತ ಹೇಳುತ್ತಾ ಅತ್ತುಬಿಟ್ಟರು. ಅವರು ಮಾಡಿದ ಒಂದು ಚಿತ್ರವನ್ನೂ ನಾವು ಇವತ್ತಿನವರೆಗೆ ನೋಡಿಲ್ಲ. ನಮಗೆ ಏನು ಸಿಕ್ಕಿತು?
— ಓದುಗ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ. ಇದಕ್ಕೆ ಉತ್ತರ ಕೊಡುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು.

ಬಹಳ ವರ್ಷದ ಹಿಂದೆ ಉತ್ತರ ಕರ್ನಾಟಕದ ಒಂದು ನೇಕಾರರ ಊರಿನಲ್ಲಿ ಸಣ್ಣ ಚಿತ್ರ ಮಾಡಿದೆ. ಒಬ್ಬ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು, ಮಗ್ಗದ ಮುಂದೆ ಕೂತು ಮಾತಾಡುತ್ತಾ, ಸೀರೆಗೆ ಸಣ್ಣ ಕಲೆ ಆದರೂ ಮಾಲೀಕ ಕೂಲಿ ಮುರಿದುಕೊಳ್ಳುತ್ತಾನೆ ಅಂದರು. ಚಿತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಮಾತು ಅದೇ. ಬೆಂಗಳೂರಿನಲ್ಲಿ ತೋರಿಸಿದೆ, ಜನ ಚಪ್ಪಾಳೆ ತಟ್ಟಿದರು. ಯಾರೋ ಸಿ.ಡಿ. ತೆಗೆದುಕೊಂಡು ಹೋಗಿ ಆ ಊರಿನಲ್ಲೂ ಹಾಕಿದರು. ಮಾಲೀಕ ನೋಡಿದ. ಎರಡು ತಿಂಗಳು ಆ ಮನೆಗೆ ನೂಲು ಕೊಡಲಿಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ಅವರು ಸಾಲ ಮಾಡಿ ಆಗಿತ್ತು. ಓಡಿಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚಹಾ ಮಾಡಿಕೊಟ್ಟು, “ನನಗ ಒಮ್ಮೆ ಮೊದಲ ತೋರಿಸಿದ್ರ, ಆ ಒಂದ ಮಾತ ತಗೀರಿ ಅಂತಿದ್ನಿ” ಅಂದರು. ಅಷ್ಟೇ ಅಂದದ್ದು. ಬಂದು ಆ ಮಾತು ತೆಗೆದೆ. 14 ಸೆಕೆಂಡ್. ಅವರು ಕಳೆದುಕೊಂಡದ್ದು ಎರಡು ತಿಂಗಳ ದುಡಿಮೆ.

ನಿಪ್ಪಾಣಿ ಚಿತ್ರದ ಬಗ್ಗೆ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಯುಗಾಂತರದವರು ಚಿತ್ರ ಮುಗಿಸಿ ಉತ್ಸವಕ್ಕೆ ಕಳಿಸಿ ಕೂರಲಿಲ್ಲ. 16 ಎಂಎಂ ಪ್ರಾಜೆಕ್ಟರ್ ಹೊತ್ತುಕೊಂಡು ಸಂಘಗಳ ಸಭೆಗೆ, ಬಡವರ ಕೇರಿಗೆ ಹೋಗಿ ತೋರಿಸಿದರು, ತೋರಿಸಿದ ಮೇಲೆ ಕೂತು ಮಾತಾಡಿದರು. ಆ ಮಾತುಕತೆಯೇ ಅವರಿಗೆ ಮುಖ್ಯವಾಗಿತ್ತು. ನಿರ್ದೇಶಕರು ಅಂತ ಕರೆಸಿಕೊಳ್ಳುವವರಿಗೆ ಶೂಟಿಂಗ್‌ನಷ್ಟೇ ಇದೂ ಕೆಲಸ ಅಂತ ನಾನು ನಂಬಿದ್ದೇನೆ. ಈಗ ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಇದೆ. ಚಿತ್ರದಲ್ಲಿ ಮಾತಾಡಿದವರು ನೋಡಿ ಒಪ್ಪುವವರೆಗೂ ನಾನು ಅಂಕ ಕೊಡುವುದಿಲ್ಲ. ಕೆಲವರು ಗೊಣಗುತ್ತಾರೆ, ಗೊಣಗಲಿ.

ಇನ್ನು ನಿಮಗೆ. ಮುಂದೆ ಯಾರಾದರೂ ಕ್ಯಾಮರಾ ಹಿಡಿದು ಬಂದರೆ ಹೆಸರು, ಫೋನ್ ನಂಬರ್, ಯಾರ ದುಡ್ಡಿನಲ್ಲಿ ಮಾಡುತ್ತಿದ್ದಾರೆ, ಎಲ್ಲಿ ತೋರಿಸುತ್ತಾರೆ ಅಂತ ಕೇಳಿ. ಮುಗಿದ ಮೇಲೆ ಮೊದಲು ಹಾಡಿಯಲ್ಲಿ ತೋರಿಸುತ್ತೇವೆ, ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇವೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಇಷ್ಟಕ್ಕೆ ಹಿಂದೆ ಮುಂದೆ ನೋಡಿದರೆ ಬೇಡ ಅನ್ನಿ. ಬೇಡ ಅನ್ನುವ ಹಕ್ಕು ನಿಮಗಿದೆ, ಅರ್ಧ ಮಾತಾಡಿದ ಮೇಲೂ ಇದೆ. ಈ ಹಿಂದೆ ಬಂದು ಹೋದವರ ಹೆಸರು, ಬಂದ ವರ್ಷ, ಯಾವ ಸಂಸ್ಥೆಯವರು ಅನ್ನುವುದು ಯಾರಿಗಾದರೂ ನೆನಪಿದ್ದರೆ ನನಗೆ ಬರೆಯಿರಿ. ಈ ಕ್ಷೇತ್ರದಲ್ಲಿ ಒಬ್ಬರಿಗೊಬ್ಬರು ಗೊತ್ತಿರುತ್ತೇವೆ, ಹುಡುಕಿದರೆ ಒಂದೆರಡಾದರೂ ಸಿಗಬಹುದು. ತಾತ ಮಾತಾಡಿದ್ದು ಸಿಕ್ಕರೆ ಅದನ್ನೇ ತರುತ್ತೇನೆ, ಸಿಗದಿದ್ದರೆ ನಿಪ್ಪಾಣಿ ಚಿತ್ರ ತರುತ್ತೇನೆ, ಮರಾಠಿ ಮಾತಿಗೆ ಪಕ್ಕದಲ್ಲಿ ನಿಂತು ನಾನೇ ಕನ್ನಡದಲ್ಲಿ ಹೇಳುತ್ತೇನೆ. ಹಾಡಿಯ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಸಂಜೆ ಕರೆಂಟ್ ಇದ್ದರೆ ಸಾಕು. ಪ್ರಾಜೆಕ್ಟರ್, ಪರದೆ, ಸ್ಪೀಕರ್ ನಾನು ತರುತ್ತೇನೆ.